ಮಾರುಕಟ್ಟೆಯಲ್ಲಿ ರಾಗಿ ಮುದ್ದೆ ಮತ್ತು ರಾಗಿ ಹಿಟ್ಟು

ರಾಗಿ ಮುದ್ದೆಯು ಕುದಿಯುವ ನೀರಿನಲ್ಲಿ ರಾಗಿ ಹಿಟ್ಟನ್ನು ಬೇಯಿಸಿ, ಕೋಲಿನಿಂದ ತಿರುವಿ, ಉಂಡೆ ಕಟ್ಟಿ ಸಿದ್ಧಪಡಿಸುವ ಆಹಾರ. ಇದು ದಕ್ಷಿಣ ಕರ್ನಾಟಕದ ಒಣ ಪ್ರದೇಶಗಳ ಪ್ರಧಾನ ಆಹಾರಗಳಲ್ಲಿ ಒಂದು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಒಳಗೊಂಡ ನಿಡುಗಲ್ ಪ್ರದೇಶದಲ್ಲಿ ಮುದ್ದೆಯಿಲ್ಲದ ಊಟವನ್ನು ಪೂರ್ಣ ಊಟವೆಂದು ಪರಿಗಣಿಸದ ಮನೆಗಳು ಇಂದಿಗೂ ಇವೆ. ಹಿಂದೆ ಸ್ವಂತ ಹೊಲದ ರಾಗಿಯಿಂದ ಮನೆಯಲ್ಲಿಯೇ ತಯಾರಾಗುತ್ತಿದ್ದ ಈ ಆಹಾರಕ್ಕೆ ಈಗ ಅಂಗಡಿ, ಹಿಟ್ಟಿನ ಗಿರಣಿ ಮತ್ತು ಹೋಟೆಲುಗಳನ್ನು ಅವಲಂಬಿಸುವವರ ಸಂಖ್ಯೆ ದೊಡ್ಡದು. ಬೆಂದ ಮುದ್ದೆಯು ತಣಿದ ಕೆಲವು ಗಂಟೆಗಳಲ್ಲಿ ಗಟ್ಟಿಯಾಗುವುದರಿಂದ ಇಡ್ಲಿ, ಚಪಾತಿ ಅಥವಾ ಕಡುಬುಗಳಂತೆ ಇದನ್ನು ಮೊದಲೇ ಮಾಡಿಟ್ಟು ಮಾರುವುದು ಕಷ್ಟ. ಆದ್ದರಿಂದ ಮನೆಯಿಂದ ದೂರವಿರುವವರಿಗೆ ಒಳ್ಳೆಯ ಮುದ್ದೆ ದೊರೆಯುವುದು ಎರಡು ವಿಷಯಗಳನ್ನು ಅವಲಂಬಿಸಿದೆ: ಮುದ್ದೆಗೆ ತಕ್ಕ ತಾಜಾ ಹಿಟ್ಟನ್ನು ಆರಿಸುವುದು ಮತ್ತು ಮುದ್ದೆಯನ್ನು ಬಿಸಿಯಾಗಿರುವಾಗಲೇ ಉಣ್ಣುವುದು.

ಹೆಸರು

ತುಮಕೂರು, ಮಂಡ್ಯ, ಹಾಸನ, ಕೋಲಾರ ಮುಂತಾದ ಜಿಲ್ಲೆಗಳ ಆಡುಮಾತಿನಲ್ಲಿ ಮುದ್ದೆಯನ್ನು ‘ಹಿಟ್ಟು’ ಎಂದೂ ಕರೆಯುತ್ತಾರೆ. ಈ ಭಾಗದಲ್ಲಿ ‘ಹಿಟ್ಟು ಉಣ್ಣುವುದು’ ಎಂದರೆ ಮುದ್ದೆ ಊಟ ಮಾಡುವುದು ಎಂದೇ ಅರ್ಥ. ಹಿಟ್ಟು ತಿಂದವನು ಬೆಟ್ಟವನ್ನೇ ಕಿತ್ತಿಟ್ಟ ಎಂಬ ಅರ್ಥದ ಗಾದೆಯಲ್ಲಿಯೂ ಹಿಟ್ಟು ಎಂದರೆ ರಾಗಿ ಮುದ್ದೆಯೇ. ತೆಲುಗಿನಲ್ಲಿ ಇದನ್ನು ‘ಸಂಗಟಿ’ ಎಂದೂ ತಮಿಳಿನಲ್ಲಿ ‘ಕಳಿ’ ಎಂದೂ ಕರೆಯಲಾಗುತ್ತದೆ. ರಾಯಲಸೀಮೆಯ ಸಂಗಟಿಯಲ್ಲಿ ಸಾಮಾನ್ಯವಾಗಿ ಅಕ್ಕಿ ಅಥವಾ ನುಚ್ಚಕ್ಕಿಯನ್ನು ಮೊದಲು ಬೇಯಿಸಿ, ಅದಕ್ಕೆ ರಾಗಿ ಹಿಟ್ಟನ್ನು ಸೇರಿಸುತ್ತಾರೆ. ಬಹುಭಾಗ ಆಂಧ್ರಪ್ರದೇಶದಿಂದ ಸುತ್ತುವರಿದಿರುವ ಪಾವಗಡ ತಾಲ್ಲೂಕಿನಲ್ಲಿ ಕನ್ನಡ ಮತ್ತು ತೆಲುಗು ಎರಡೂ ಬಳಕೆಯಲ್ಲಿರುವಂತೆ ಮುದ್ದೆ ಮತ್ತು ಸಂಗಟಿ ಎಂಬ ಎರಡು ಹೆಸರುಗಳೂ ಕೇಳಿಬರುತ್ತವೆ.

ನಿಡುಗಲ್ ಪ್ರದೇಶ ಮತ್ತು ರಾಗಿ

ನಿಡುಗಲ್ಲು ಪಾವಗಡ ತಾಲ್ಲೂಕಿನಲ್ಲಿರುವ ಬೆಟ್ಟ ಮತ್ತು ಕೋಟೆ. ಇದು ಮಧ್ಯಯುಗದಲ್ಲಿ ನಿಡುಗಲ್ ಚೋಳರ ಆಳ್ವಿಕೆಯ ಕೇಂದ್ರವಾಗಿತ್ತು. ಈ ಭಾಗದ ನಾಲ್ಕು ತಾಲ್ಲೂಕುಗಳು ಈಗ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಸೇರಿವೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ನದಿಯು ಕೊರಟಗೆರೆ ಮತ್ತು ಮಧುಗಿರಿ ತಾಲ್ಲೂಕುಗಳ ಮೂಲಕ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಕೆರೆ ಮತ್ತು ಕೊಳವೆಬಾವಿಗಳ ಅಂಚಿನಲ್ಲಿ ಭತ್ತ, ಅಡಿಕೆ ಮತ್ತು ತೆಂಗು ಬೆಳೆದರೂ ಪ್ರದೇಶದ ಹೆಚ್ಚಿನ ಭಾಗ ಮಳೆಯಾಶ್ರಿತ ಕೆಂಪುಮಣ್ಣಿನ ಹೊಲಗಳಿಂದ ಕೂಡಿದೆ. ರಾಗಿ ಮತ್ತು ಕಡಲೆಕಾಯಿ ಇಲ್ಲಿನ ಮುಖ್ಯ ಮಳೆಯಾಶ್ರಿತ ಬೆಳೆಗಳು.

ಮಳೆಯಾಶ್ರಿತ ರಾಗಿಯನ್ನು ಸಾಮಾನ್ಯವಾಗಿ ಜುಲೈ–ಆಗಸ್ಟ್ ತಿಂಗಳುಗಳಲ್ಲಿ ಬಿತ್ತಿ ನವೆಂಬರ್–ಡಿಸೆಂಬರ್‌ನಲ್ಲಿ ಕೊಯ್ಯಲಾಗುತ್ತದೆ. ರಾಗಿಯ ನಡುವೆ ಅವರೆ, ತೊಗರಿ, ಸಾಸಿವೆ ಮೊದಲಾದವುಗಳನ್ನು ಅಕ್ಕಡಿ ಸಾಲುಗಳಾಗಿ ಬಿತ್ತುವ ಪದ್ಧತಿ ಹಳೆಯದು. ಹೀಗೆ ಒಂದೇ ಹೊಲದಿಂದ ಮುದ್ದೆಗೆ ಬೇಕಾದ ರಾಗಿಯೂ ಸಾರಿಗೆ ಬೇಕಾದ ಕಾಳುಗಳೂ ದೊರೆಯುತ್ತಿದ್ದವು. ಕಾಳು ಬಸಿದು ಮಾಡುವ ಬಸ್ಸಾರು, ಸೊಪ್ಪಿನ ಮಸ್ಸೊಪ್ಪು, ಹುರುಳಿ ಕಾಳಿನ ಸಾರು, ಅವರೆಕಾಳಿನ ಸಾರು, ಉಪ್ಸಾರು, ನಾಟಿ ಕೋಳಿಯ ಸಾರು ಇವು ಮುದ್ದೆಯ ಜೊತೆಗೆ ಬಳಸುವ ಮುಖ್ಯ ವ್ಯಂಜನಗಳು.

ಕಳೆದ ಕೆಲವು ದಶಕಗಳಲ್ಲಿ ಈ ಕ್ರಮದಲ್ಲಿ ಬದಲಾವಣೆಯಾಗಿದೆ. ನೀರಾವರಿ ದೊರೆತೆಡೆ ಅಡಿಕೆ, ಮೆಕ್ಕೆಜೋಳ, ತರಕಾರಿ ಮುಂತಾದ ವಾಣಿಜ್ಯ ಬೆಳೆಗಳು ಬಂದಿವೆ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಗ್ರಾಮಗಳಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕಿಗಾಗಿ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆಯಲಾಗಿದೆ. ಬರಗಾಲದ ವರ್ಷಗಳಲ್ಲಿ ದುಡಿಮೆಗಾಗಿ ಬೆಂಗಳೂರಿಗೆ ಹೋಗುವವರೂ ಅನೇಕರು. ರಾಗಿಯನ್ನು ಬೆಳೆದು ಉಣ್ಣುತ್ತಿದ್ದ ಕುಟುಂಬಗಳು ಅದನ್ನು ಕೊಂಡು ಉಣ್ಣುವ ಸ್ಥಿತಿಗೆ ಬರುವುದಕ್ಕೆ ಇವೆಲ್ಲವೂ ಕಾರಣಗಳಾಗಿವೆ.

ಹಿನ್ನೆಲೆ

ರಾಗಿಯ ಮೂಲ ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳು. ಇದು ಸಾವಿರಾರು ವರ್ಷಗಳ ಹಿಂದೆಯೇ ಭಾರತಕ್ಕೆ ಬಂದು ದಕ್ಷಿಣದ ಒಣಭೂಮಿಯಲ್ಲಿ ನೆಲೆಗೊಂಡಿತು. ಇದರ ಸಸ್ಯಶಾಸ್ತ್ರೀಯ ಹೆಸರು ಎಲ್ಯುಸಿನ್ ಕೊರಕಾನ. ಭಾರತದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ಕರ್ನಾಟಕ. ಹದಿನಾರನೆಯ ಶತಮಾನದ ಕನಕದಾಸರು ರಚಿಸಿದ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತ ಮತ್ತು ರಾಗಿ ತಮ್ಮಲ್ಲಿ ಯಾರು ಶ್ರೇಷ್ಠರೆಂದು ವಾದಿಸುತ್ತವೆ. ಆರು ತಿಂಗಳು ಸೆರೆಯಲ್ಲಿಟ್ಟ ಬಳಿಕ ಭತ್ತವು ಸೊರಗಿ ರಾಗಿಯು ಗಟ್ಟಿಯಾಗಿ ಉಳಿಯುತ್ತದೆ. ಬಹುಕಾಲ ಕೆಡದೆ ಉಳಿಯುವ ಧಾನ್ಯವೆಂಬ ಜನರ ಅನುಭವವೇ ಈ ಕಥೆಯ ತಿರುಳು.

ಇಪ್ಪತ್ತನೆಯ ಶತಮಾನದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕದ ರಾಗಿ ತಳಿಗಳನ್ನು ಸಂಕರಗೊಳಿಸಿ ‘ಇಂಡಾಫ್’ ಸರಣಿಯ ತಳಿಗಳನ್ನು ರೂಪಿಸಿದರು. ಇವುಗಳಿಂದ ರಾಜ್ಯದ ರಾಗಿ ಇಳುವರಿ ಗಣನೀಯವಾಗಿ ಹೆಚ್ಚಿತು. ನಂತರದ ವರ್ಷಗಳಲ್ಲಿ ಬೆಂಕಿರೋಗ ನಿರೋಧಕ ಗುಣದ ಜಿಪಿಯು-28 ಹಾಗೂ ಎಂಆರ್-1, ಎಂಆರ್-6, ಎಂಎಲ್-365 ಮುಂತಾದ ತಳಿಗಳು ಬಳಕೆಗೆ ಬಂದವು. ಅಂಗಡಿಯಲ್ಲಿ ದೊರೆಯುವ ಹಿಟ್ಟಿನ ಪೊಟ್ಟಣದ ಮೇಲೆ ತಳಿಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

ಹಿಂದೆ ರಾಗಿಯನ್ನು ಕಣದಲ್ಲಿ ಗುಂಡು ಉರುಳಿಸಿ ಒಕ್ಕಲಾಗುತ್ತಿತ್ತು. ಬಳಿಕ ತೂರಿ, ಹಗೇವು ಅಥವಾ ವಾಡೆಗಳಲ್ಲಿ ತುಂಬಿಡಲಾಗುತ್ತಿತ್ತು. ದಿನಕ್ಕೆ ಬೇಕಾದಷ್ಟನ್ನು ಮಾತ್ರ ಹೊರತೆಗೆದು ಬೀಸುವ ಕಲ್ಲಿನಲ್ಲಿ ಬೀಸುತ್ತಿದ್ದುದರಿಂದ ಮುದ್ದೆಗೆ ಬಳಸುವ ಹಿಟ್ಟು ಯಾವಾಗಲೂ ಹೊಸದಾಗಿರುತ್ತಿತ್ತು. ಗಿರಣಿಗಳು ಬಂದ ನಂತರ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಹಿಟ್ಟು ಮಾಡಿಸುವುದು ರೂಢಿಯಾಯಿತು. ಪೊಟ್ಟಣದ ಹಿಟ್ಟು ಬಂದ ಮೇಲೆ ಬೀಸುವಿಕೆ ಮತ್ತು ಅಡುಗೆಯ ನಡುವಿನ ಅಂತರ ತಿಂಗಳುಗಳಿಗೆ ವಿಸ್ತರಿಸಿತು.

ಮುದ್ದೆಯು ಗಟ್ಟಿಯಾಗುವ ಕಾರಣ

ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ರಾಗಿಯಲ್ಲಿ ಇಲ್ಲ. ಆದ್ದರಿಂದ ಮುದ್ದೆಯನ್ನು ಒಂದಾಗಿ ಹಿಡಿದಿಡುವುದು ಅದರ ಪಿಷ್ಟ. ಬಿಸಿನೀರಿನಲ್ಲಿ ಪಿಷ್ಟದ ಕಣಗಳು ನೀರನ್ನು ಹೀರಿ ಉಬ್ಬಿ ಅಂಟಾಗುತ್ತವೆ. ಕೋಲಿನಿಂದ ಒತ್ತಿ ತಿರುವಿದಾಗ ಈ ಅಂಟು ಹಿಟ್ಟಿನ ಎಲ್ಲ ಭಾಗಗಳಿಗೂ ಸಮನಾಗಿ ಹರಡಿ ನುಣುಪಾದ ಮುದ್ದೆಯಾಗುತ್ತದೆ. ಮುದ್ದೆಯನ್ನು ಅಗಿಯದೆ, ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗುವ ರೂಢಿ ಸಾಧ್ಯವಾಗಿರುವುದು ಈ ನುಣುಪಿನಿಂದಲೇ.

ಮುದ್ದೆ ತಣಿಯುತ್ತಿದ್ದಂತೆ ಪಿಷ್ಟದ ಅಣುಗಳು ಮತ್ತೆ ಪರಸ್ಪರ ಹತ್ತಿರ ಬಂದು ಬಿಗಿಯಾಗಿ ಜೋಡಣೆಗೊಳ್ಳುತ್ತವೆ ಮತ್ತು ನೀರನ್ನು ಹೊರಕ್ಕೆ ಬಿಡುತ್ತವೆ. ಅನ್ನವು ಮರುದಿನಕ್ಕೆ ಬಿರುಸಾಗುವುದು ಮತ್ತು ಬ್ರೆಡ್ ಹಳಸಿದಾಗ ಗಟ್ಟಿಯಾಗುವುದು ಇದೇ ಕ್ರಿಯೆಯಿಂದ. ಮುದ್ದೆಯಲ್ಲಿ ಎಣ್ಣೆ ಅಥವಾ ಬೆಣ್ಣೆಯಂತಹ ಜಿಡ್ಡಾಗಲಿ ಹುದುಗಿನಿಂದ ಬಂದ ಗಾಳಿಯ ಗುಳ್ಳೆಗಳಾಗಲಿ ಇಲ್ಲದಿರುವುದರಿಂದ ಗಟ್ಟಿಯಾಗುವಿಕೆ ಎದ್ದು ಕಾಣುತ್ತದೆ. ಮೊದಲು ಹೊರಮೈಯಲ್ಲಿ ಒಣ ಪದರವೊಂದು ಕಟ್ಟುತ್ತದೆ, ನಂತರ ಒಳಭಾಗ ಬಿರುಸಾಗುತ್ತದೆ. ಈ ಕ್ರಿಯೆಯು ಶೀತಕದ ತಾಪಮಾನದಲ್ಲಿ, ಅಂದರೆ ಸುಮಾರು 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಹೆಚ್ಚು ವೇಗವಾಗಿ ನಡೆಯುತ್ತದೆ. ಆದ್ದರಿಂದ ಮುದ್ದೆಯನ್ನು ಫ್ರಿಜ್‌ನಲ್ಲಿಟ್ಟರೆ ಅದು ಹುಳಿಯುವುದು ತಡವಾದರೂ ಮೃದುತ್ವ ಬೇಗ ಹೋಗುತ್ತದೆ. ಮತ್ತೆ ಬಿಸಿ ಮಾಡಿದಾಗ ಮೃದುತ್ವ ಸ್ವಲ್ಪ ಮಟ್ಟಿಗೆ ಮರಳುತ್ತದೆಯೇ ಹೊರತು ಮೊದಲಿನ ಹದ ಪೂರ್ಣವಾಗಿ ಬರುವುದಿಲ್ಲ.

ಇತರ ಆಹಾರಗಳೊಂದಿಗೆ ಹೋಲಿಕೆ

ಧಾನ್ಯದ ಹಿಟ್ಟನ್ನು ಬೇಯಿಸಿ ಮಾಡುವ ಎಲ್ಲ ಆಹಾರಗಳಿಗೂ ಈ ತೊಡಕು ಸಮನಾಗಿಲ್ಲ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ‘ತಮಾಲೆ’ ಇದಕ್ಕೆ ಒಂದು ಉದಾಹರಣೆ. ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳವನ್ನು ರುಬ್ಬಿ, ಕೊಬ್ಬು ಸೇರಿಸಿ, ನಡುವೆ ಮಾಂಸ ಅಥವಾ ತರಕಾರಿಯ ಹೂರಣವಿಟ್ಟು, ಜೋಳದ ತೆನೆಯ ಸಿಪ್ಪೆಯಲ್ಲಿ ಅಥವಾ ಬಾಳೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಹಿಟ್ಟಿನಲ್ಲಿರುವ ಕೊಬ್ಬು ಅದನ್ನು ಮೃದುವಾಗಿಡುತ್ತದೆ, ಸಿಪ್ಪೆಯು ತೇವ ಆರದಂತೆ ಕಾಯುತ್ತದೆ. ಆದ್ದರಿಂದ ಅಮೆರಿಕದ ಅಂಗಡಿಗಳಲ್ಲಿ ತಮಾಲೆಯನ್ನು ಹೆಪ್ಪುಗಟ್ಟಿಸಿ ಮಾರಲು ಸಾಧ್ಯವಾಗಿದೆ. ಕೊಂಡವರು ಅದನ್ನು ಮತ್ತೆ ಹಬೆಯಲ್ಲಿಟ್ಟರೆ ಸಾಕಾಗುತ್ತದೆ.

ಕರ್ನಾಟಕದಲ್ಲಿ ಎಲೆಯೊಳಗೆ ಬೇಯುವ ಆಹಾರಗಳೆಂದರೆ ಕರಾವಳಿಯ ಕೊಟ್ಟೆ ಕಡುಬು ಮತ್ತು ಮೂಡೆ. ಹಲಸಿನ ಎಲೆಗಳ ಕೊಟ್ಟೆಯಲ್ಲಿ ಅಥವಾ ಕೇದಗೆಯ ಜಾತಿಯ ಎಲೆಯ ಸುರುಳಿಯಲ್ಲಿ ಹುದುಗಿದ ಉದ್ದು–ಅಕ್ಕಿಯ ಹಿಟ್ಟನ್ನು ಹೊಯ್ದು ಇವನ್ನು ಬೇಯಿಸಲಾಗುತ್ತದೆ. ತುಮಕೂರಿನ ಸಮೀಪದ ಕ್ಯಾತ್ಸಂದ್ರದಲ್ಲಿ ಪ್ರಸಿದ್ಧವಾದ ತಟ್ಟೆ ಇಡ್ಲಿಯೂ ಹುದುಗಿದ ಹಿಟ್ಟಿನದೇ. ಹುದುಗಿನಿಂದ ಬಂದ ಗುಳ್ಳೆಗಳು ಮತ್ತು ಉದ್ದಿನ ಲೋಳೆಗುಣ ಇವುಗಳನ್ನು ಕೆಲವು ಗಂಟೆಗಳ ಕಾಲ ಮೃದುವಾಗಿಡುತ್ತವೆ. ಮುದ್ದೆಗೆ ಹೆಚ್ಚು ಹತ್ತಿರವಾದುದು ಪೂರ್ವ ಆಫ್ರಿಕದ ‘ಉಗಾಲಿ’. ಅದನ್ನು ಈಗ ಹೆಚ್ಚಾಗಿ ಮೆಕ್ಕೆಜೋಳದಿಂದ ಮಾಡುತ್ತಾರಾದರೂ ಸ್ವಾಹಿಲಿಯಲ್ಲಿ ‘ವಿಂಬಿ’ ಎನ್ನಲಾಗುವ ರಾಗಿಯಿಂದಲೂ ಮಾಡುವುದುಂಟು. ಉಗಾಲಿಯೂ ಮುದ್ದೆಯಂತೆ ಮಾಡಿದ ಕೂಡಲೇ ತಿನ್ನುವ ಆಹಾರ.

ಮಾರುಕಟ್ಟೆಯಲ್ಲಿ ದೊರೆಯುವ ರೂಪಗಳು

ರಾಗಿ ಕಾಳು: ಸಂತೆ, ದಿನಸಿ ಅಂಗಡಿ ಮತ್ತು ರೈತರಿಂದ ನೇರವಾಗಿ ದೊರೆಯುತ್ತದೆ. ಒಣಗಿಸಿದ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಕಾಳನ್ನು ಕೊಂಡು, ಹಸನು ಮಾಡಿ, ಬೇಕಾದಷ್ಟನ್ನು ಆಗಾಗ ಗಿರಣಿಯಲ್ಲಿ ಬೀಸಿಸುವುದು ತಾಜಾ ಹಿಟ್ಟು ಪಡೆಯುವ ಖಚಿತ ಮಾರ್ಗ. ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ನ್ಯಾಯಬೆಲೆ ಅಂಗಡಿಗಳ ಮೂಲಕವೂ ಪಡಿತರ ಚೀಟಿದಾರರಿಗೆ ರಾಗಿಯನ್ನು ವಿತರಿಸಲಾಗುತ್ತದೆ.

ಗಿರಣಿಯ ಹಿಟ್ಟು: ಅನೇಕ ಗಿರಣಿಗಳು ತಾವೇ ರಾಗಿ ಬೀಸಿ ಸಡಿಲವಾಗಿ ಮಾರುತ್ತವೆ. ಮಾರಾಟ ಹೆಚ್ಚಿರುವ ಗಿರಣಿಯಲ್ಲಿ ಹಿಟ್ಟು ಹೊಸದಾಗಿರುವ ಸಾಧ್ಯತೆ ಹೆಚ್ಚು. ಅದೇ ಯಂತ್ರದಲ್ಲಿ ಮೊದಲು ಮೆಣಸಿನಕಾಯಿ ಅಥವಾ ಮಸಾಲೆ ಬೀಸಿದ್ದರೆ ಅದರ ವಾಸನೆ ಹಿಟ್ಟಿಗೆ ಸೇರುತ್ತದೆ.

ಪೊಟ್ಟಣದ ಹಿಟ್ಟು: ಅರ್ಧ ಅಥವಾ ಒಂದು ಕಿಲೋಗ್ರಾಂ ಪೊಟ್ಟಣಗಳಲ್ಲಿ ದೊರೆಯುತ್ತದೆ. ಕಲ್ಲು–ಮಣ್ಣು ಇಲ್ಲದಿರುವುದು ಇದರ ಅನುಕೂಲ, ಬೀಸಿದ ದಿನದಿಂದ ಬಹಳ ಸಮಯ ಕಳೆದಿರಬಹುದಾದುದು ಅನನುಕೂಲ.

ಮೊಳಕೆ ರಾಗಿಯ ಹಿಟ್ಟು: ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹಿಟ್ಟು. ಮೊಳಕೆಯೊಡೆಯುವಾಗ ಉತ್ಪತ್ತಿಯಾಗುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆಯುತ್ತದೆ. ಇದರಿಂದ ಬೇಯಿಸಿದಾಗ ಗಂಜಿ ತೆಳುವಾಗುತ್ತದೆ. ಶಿಶುಗಳ ಗಂಜಿಗೆ ಮತ್ತು ಮಾಲ್ಟ್‌ಗೆ ಇದು ಅನುಕೂಲವಾದರೂ ಮುದ್ದೆಗೆ ಒದಗುವುದಿಲ್ಲ. ಮುದ್ದೆಯು ಗಟ್ಟಿಯಾಗಿ ನಿಲ್ಲದೆ ಜಿಗುಟಾಗುತ್ತದೆ. ಅಂಗಡಿಯಲ್ಲಿ ಎರಡೂ ಪೊಟ್ಟಣಗಳು ಅಕ್ಕಪಕ್ಕದಲ್ಲಿ ಇರುವುದರಿಂದ ಹೆಸರನ್ನು ಓದಿ ಕೊಳ್ಳುವುದು ಅಗತ್ಯ.

ಹುರಿಹಿಟ್ಟು: ರಾಗಿಯನ್ನು ಅರಳು ಬರುವಂತೆ ಹುರಿದು ಬೀಸಿದ ಹಿಟ್ಟು. ಇದು ಮೊದಲೇ ಬೆಂದಿರುವುದರಿಂದ ಬೆಲ್ಲ, ಹಾಲು ಅಥವಾ ಮೊಸರಿನೊಂದಿಗೆ ಹಾಗೆಯೇ ತಿನ್ನಲಾಗುತ್ತದೆ. ಇದರಿಂದ ಮುದ್ದೆ ಮಾಡುವ ರೂಢಿಯಿಲ್ಲ.

ಮಿಶ್ರ ಹಿಟ್ಟು: ‘ಬಹುಧಾನ್ಯ’ ಎಂಬ ಹೆಸರಿನ ಹಿಟ್ಟುಗಳಲ್ಲಿ ಗೋಧಿಯೇ ಹೆಚ್ಚಿದ್ದು ರಾಗಿಯ ಪ್ರಮಾಣ ಕಡಿಮೆ ಇರಬಹುದು. ಇವು ರೊಟ್ಟಿ, ಚಪಾತಿಗಳಿಗೆ ಉದ್ದೇಶಿತವಾದವು.

ಹೋಟೆಲಿನ ಮುದ್ದೆ: ಬೆಂಗಳೂರು, ತುಮಕೂರು ಮತ್ತು ಹೆದ್ದಾರಿಗಳ ಬದಿಯ ಊಟದ ಮೆಸ್‌ಗಳಲ್ಲಿ ಹಾಗೂ ಮಾಂಸಾಹಾರಕ್ಕೆ ಹೆಸರಾದ ‘ಮಿಲಿಟರಿ ಹೋಟೆಲ್’ಗಳಲ್ಲಿ ಮುದ್ದೆ ಊಟ ದೊರೆಯುತ್ತದೆ. ಸಿದ್ಧ ಮುದ್ದೆಯು ಹೆಚ್ಚಿನ ಪ್ರಮಾಣದಲ್ಲಿ ಮಾರಾಟವಾಗುವುದು ಈ ರೂಪದಲ್ಲಿಯೇ. ದೊಡ್ಡ ಅಡುಗೆಮನೆಗಳಿಗೆಂದು ಹಿಟ್ಟನ್ನು ತಿರುವುವ ಯಂತ್ರಗಳೂ ಬಳಕೆಗೆ ಬಂದಿವೆ. ಊಟದ ಹೊತ್ತಿನಲ್ಲಿ ಹಲವು ಬಾರಿ ಸ್ವಲ್ಪ ಸ್ವಲ್ಪವಾಗಿ ಮುದ್ದೆ ಮಾಡುವ ಕಡೆ ಅದರ ಹದ ಚೆನ್ನಾಗಿರುತ್ತದೆ. ಬೆರಳಿನಿಂದ ಒತ್ತಿದಾಗ ಮೃದುವಾಗಿ ತಗ್ಗುವುದು, ಹೊರಮೈಯಲ್ಲಿ ಒಣ ಪದರವಿಲ್ಲದಿರುವುದು ಮತ್ತು ಮುರಿದಾಗ ಒಳಗಿನಿಂದ ಹಬೆ ಬರುವುದು ಹೊಸ ಮುದ್ದೆಯ ಗುರುತುಗಳು. ಪಾರ್ಸಲ್ ಒಯ್ಯುವುದಾದರೆ ಬಿಸಿ ಆರದ ಡಬ್ಬಿಯಲ್ಲಿ ಒಯ್ದು ಆದಷ್ಟು ಬೇಗ ಉಣ್ಣಬೇಕು.

ಒಳ್ಳೆಯ ಹಿಟ್ಟಿನ ಆಯ್ಕೆ

ರಾಗಿ ಕಾಳು ಬಹಳ ಚಿಕ್ಕದು. ಅದರ ಬೀಜದ ಸಿಪ್ಪೆಯು ಒಳಗಿನ ಮೃದುವಾದ ತಿರುಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅಕ್ಕಿಯಂತೆ ಅದನ್ನು ಪಾಲಿಶ್ ಮಾಡುವುದು ಸುಲಭವಲ್ಲ. ಆದ್ದರಿಂದ ರಾಗಿಯನ್ನು ಸಾಮಾನ್ಯವಾಗಿ ಇಡಿಯಾಗಿಯೇ ಬೀಸಲಾಗುತ್ತದೆ. ಸಿಪ್ಪೆ ಮತ್ತು ಮೊಳಕೆಯ ಭಾಗವೂ ಹಿಟ್ಟಿನಲ್ಲಿ ಉಳಿಯುವುದರಿಂದ ಅದರಲ್ಲಿನ ಅಲ್ಪ ಪ್ರಮಾಣದ ಜಿಡ್ಡು ಗಾಳಿಗೆ ತೆರೆದುಕೊಂಡು ಕಾಲಕ್ರಮದಲ್ಲಿ ಕಮಟುತ್ತದೆ. ಕಾಳಾಗಿದ್ದಾಗ ವರ್ಷಗಟ್ಟಲೆ ಉಳಿಯುವ ರಾಗಿ ಹಿಟ್ಟಾದ ಮೇಲೆ ಕೆಲವು ತಿಂಗಳಿಗೇ ರುಚಿ ಕೆಡುವುದಕ್ಕೆ ಇದೇ ಕಾರಣ.

ವಾಸನೆ: ಹೊಸ ಹಿಟ್ಟಿಗೆ ಮಣ್ಣಿನಂತಹ ಸೌಮ್ಯ ಪರಿಮಳವಿರುತ್ತದೆ. ಕಮಟು ಅಥವಾ ಮುಗ್ಗಲು ವಾಸನೆಯಿದ್ದರೆ ಹಿಟ್ಟು ಹಳೆಯದು ಅಥವಾ ತೇವ ತಗುಲಿದ್ದು ಎಂದು ತಿಳಿಯಬಹುದು.

ರುಚಿ: ಚಿಟಿಕೆ ಹಿಟ್ಟನ್ನು ನಾಲಿಗೆಯ ಮೇಲಿಟ್ಟಾಗ ಕಹಿ ಎನಿಸಿದರೆ ಮುದ್ದೆಯೂ ಕಹಿಯಾಗುತ್ತದೆ. ಹಲ್ಲಿಗೆ ಮರಳು ಸಿಕ್ಕರೆ ಕಾಳನ್ನು ಸರಿಯಾಗಿ ಹಸನು ಮಾಡಿಲ್ಲ ಎಂದರ್ಥ. ರಸ್ತೆಯ ಮೇಲೆ ಒಕ್ಕಿದ ರಾಗಿಯಲ್ಲಿ ಈ ದೋಷ ಸಾಮಾನ್ಯ. ಸ್ವಲ್ಪ ಹಿಟ್ಟನ್ನು ಹೆಚ್ಚು ನೀರಿನಲ್ಲಿ ಕದಡಿ ನಿಧಾನವಾಗಿ ಬಗ್ಗಿಸಿದರೆ ಮರಳು ತಳದಲ್ಲಿ ಉಳಿಯುತ್ತದೆ.

ನಯ: ಹಿಟ್ಟು ತರಿತರಿಯಾಗಿದ್ದರೆ ಮುದ್ದೆ ನುಣುಪಾಗದೆ ಬಿರುಕು ಬಿಡುತ್ತದೆ. ಮುದ್ದೆಯ ಹಿಟ್ಟನ್ನು ನಯವಾಗಿ ಬೀಸಿಸುವುದು ವಾಡಿಕೆ.

ಬಣ್ಣ: ಕಂದು ಬಣ್ಣವು ಬೀಜದ ಸಿಪ್ಪೆಯಿಂದ ಬರುತ್ತದೆ ಮತ್ತು ಬೇಯಿಸಿದಾಗ ಗಾಢವಾಗುತ್ತದೆ. ತಳಿಗಳಿಗೆ ಅನುಗುಣವಾಗಿ ಬಣ್ಣದಲ್ಲಿ ವ್ಯತ್ಯಾಸವಿರುತ್ತದೆ. ಬಿಳಿ ರಾಗಿಯ ತಳಿಗಳೂ ಇರುವುದರಿಂದ ಬಣ್ಣವೊಂದರಿಂದಲೇ ಗುಣಮಟ್ಟವನ್ನು ನಿರ್ಧರಿಸಲಾಗದು.

ಪೊಟ್ಟಣದ ಮೇಲಿನ ವಿವರ: ಭಾರತದಲ್ಲಿ ಮಾರುವ ಆಹಾರದ ಪೊಟ್ಟಣಗಳ ಮೇಲೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ, ತಯಾರಿಸಿದ ಅಥವಾ ಪೊಟ್ಟಣ ಕಟ್ಟಿದ ದಿನಾಂಕ ಹಾಗೂ ಬಳಕೆಯ ಅವಧಿ ಇರಬೇಕು. ಮಿಶ್ರಣವಾಗಿದ್ದರೆ ಅದರಲ್ಲಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ನಮೂದಿಸಬೇಕು. ಅವಧಿ ಮುಗಿಯುವ ದಿನಾಂಕಕ್ಕಿಂತ ಪೊಟ್ಟಣ ಕಟ್ಟಿದ ದಿನಾಂಕವು ಹಿಟ್ಟಿನ ತಾಜಾತನವನ್ನು ಹೆಚ್ಚು ಸ್ಪಷ್ಟವಾಗಿ ತಿಳಿಸುತ್ತದೆ. ಗ್ಲುಟನ್ ಸೇವಿಸಬಾರದವರು ಗೋಧಿ ಬೀಸುವ ಯಂತ್ರದಲ್ಲಿಯೇ ಬೀಸಿದ ರಾಗಿ ಹಿಟ್ಟನ್ನು ಬಳಸುವುದು ಸುರಕ್ಷಿತವಲ್ಲ. ‘ಗ್ಲುಟನ್ ಮುಕ್ತ’ ಎಂದು ಹೇಳಿಕೊಳ್ಳುವ ಆಹಾರದಲ್ಲಿ ಗ್ಲುಟನ್ ಪ್ರಮಾಣವು ಕಿಲೋಗ್ರಾಂಗೆ 20 ಮಿಲಿಗ್ರಾಂ ಮೀರಬಾರದು.

ಗಿರಣಿಯಿಂದ ತಂದ ಹಿಟ್ಟು ಬಿಸಿಯಾಗಿರುತ್ತದೆ. ಅದನ್ನು ಹರಡಿ ಆರಿಸಿದ ನಂತರವೇ ಡಬ್ಬಿಗೆ ತುಂಬಬೇಕು. ಬಿಸಿಯಲ್ಲಿಯೇ ಮುಚ್ಚಿಟ್ಟರೆ ಒಳಗೆ ಬೆವರಿ ಹಿಟ್ಟು ಬೇಗ ಕೆಡುತ್ತದೆ.

ಕೊಂಡ ಹಿಟ್ಟಿನಿಂದ ಮುದ್ದೆ ತಯಾರಿಕೆ

ಸಾಮಾನ್ಯವಾಗಿ ಒಂದು ಅಳತೆ ಹಿಟ್ಟಿಗೆ ಸುಮಾರು ಎರಡು ಅಳತೆ ನೀರು ಬೇಕಾಗುತ್ತದೆ. ಹಿಟ್ಟಿನ ನಯ ಮತ್ತು ಒಣಗಿರುವಿಕೆಗೆ ತಕ್ಕಂತೆ ಇದು ಬದಲಾಗುವುದರಿಂದ ಹೊಸ ಪೊಟ್ಟಣ ತೆರೆದಾಗ ಮೊದಲ ಬಾರಿಗೆ ಸ್ವಲ್ಪವೇ ಮಾಡಿ ಹದ ತಿಳಿದುಕೊಳ್ಳುವುದು ಒಳ್ಳೆಯದು.

ದಪ್ಪ ತಳದ ಪಾತ್ರೆಯಲ್ಲಿ ಎಸರಿಟ್ಟು ಉಪ್ಪು ಹಾಕಲಾಗುತ್ತದೆ. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಸೇರಿಸಿದರೆ ಮುಂದೆ ಹಾಕುವ ಹಿಟ್ಟು ಗಂಟಾಗುವುದು ಕಡಿಮೆಯಾಗುತ್ತದೆ. ಎಸರು ಚೆನ್ನಾಗಿ ಕುದಿಯುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಹಾಕಿ, ಕೋಲಿನಿಂದ ಮಧ್ಯದಲ್ಲಿ ತೂತು ಮಾಡಿ, ಸಣ್ಣ ಉರಿಯಲ್ಲಿ ಕೆಲವು ನಿಮಿಷ ಬೇಯಲು ಬಿಡಬೇಕು. ತೂತಿನ ಮೂಲಕ ಉಕ್ಕುವ ನೀರು ಹಿಟ್ಟನ್ನು ಒಳಗಿನಿಂದ ಬೇಯಿಸುತ್ತದೆ. ಈ ಹಂತವನ್ನು ಅವಸರದಿಂದ ಮುಗಿಸಿದರೆ ಮುದ್ದೆಯಲ್ಲಿ ಹಸಿ ಹಿಟ್ಟಿನ ರುಚಿ ಉಳಿಯುತ್ತದೆ.

ನಂತರ ಪಾತ್ರೆಯನ್ನು ಕವೆಗೋಲಿನಿಂದ ಅಥವಾ ಇಕ್ಕಳದಿಂದ ಅಲುಗದಂತೆ ಹಿಡಿದು, ಮುದ್ದೆ ಕೋಲಿನಿಂದ ಪಾತ್ರೆಯ ಬದಿಗೆ ಒತ್ತುತ್ತಾ ತಿರುವಲಾಗುತ್ತದೆ. ಗಂಟುಗಳೆಲ್ಲ ಒಡೆದು ಹಿಟ್ಟು ಒಂದೇ ಸಮನಾದ ಮೇಲೆ ಸ್ವಲ್ಪ ನೀರು ಚಿಮುಕಿಸಿ ಮತ್ತೊಮ್ಮೆ ಹಬೆಯಲ್ಲಿ ಬೇಯಿಸುವುದುಂಟು. ಒದ್ದೆ ಬೆರಳಿನಿಂದ ಮುಟ್ಟಿದಾಗ ಹಿಟ್ಟು ಅಂಟಿಕೊಳ್ಳದಿದ್ದರೆ ಅದು ಬೆಂದಿದೆ ಎಂದು ತಿಳಿಯಲಾಗುತ್ತದೆ. ನೀರು ಸವರಿದ ಮಣೆ ಅಥವಾ ತಟ್ಟೆಯ ಮೇಲೆ ಹಾಕಿ, ಕೈ ಒದ್ದೆ ಮಾಡಿಕೊಂಡು, ಬಿಸಿಯಿರುವಾಗಲೇ ಉಂಡೆ ಕಟ್ಟಬೇಕು.

ಉಳಿದ ಮುದ್ದೆಯ ಬಳಕೆ

ರಾತ್ರಿ ಉಳಿದ ಮುದ್ದೆಯನ್ನು ‘ತಂಗಳು ಮುದ್ದೆ’ ಎನ್ನುತ್ತಾರೆ. ಗಟ್ಟಿಯಾದ ಮುದ್ದೆಯನ್ನು ಮತ್ತೆ ಮೃದುಗೊಳಿಸುವ ಬದಲು ಅದನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ ಸೇರಿಸಿ ಬೆಳಗಿನ ಆಹಾರವಾಗಿ ಕುಡಿಯುವ ಪದ್ಧತಿ ಹಳ್ಳಿಗಳಲ್ಲಿದೆ. ಮುದ್ದೆಯ ಗಟ್ಟಿತನವೆಂಬ ದೋಷವನ್ನು ಈ ಪದ್ಧತಿಯು ಬೇರೊಂದು ಆಹಾರವಾಗಿ ಮಾರ್ಪಡಿಸಿಕೊಂಡಿದೆ. ಬೇಸಿಗೆಯಲ್ಲಿ ಮುದ್ದೆಯನ್ನು ಹೊರಗೆ ಬಹಳ ಹೊತ್ತು ಇಟ್ಟರೆ ಹಳಸುವುದರಿಂದ ವಾಸನೆ ಮತ್ತು ಲೋಳೆಯನ್ನು ಗಮನಿಸಿ ಬಳಸಬೇಕು.

ಪೌಷ್ಟಿಕಾಂಶ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, 7 ಗ್ರಾಂ ಪ್ರೋಟೀನ್ ಮತ್ತು 11 ಗ್ರಾಂ ನಾರಿನಂಶವಿದೆ. ಅದೇ ಕೋಷ್ಟಕದಲ್ಲಿ ಪಾಲಿಶ್ ಮಾಡಿದ ಅಕ್ಕಿಯ ಕ್ಯಾಲ್ಸಿಯಂ 10 ಮಿಲಿಗ್ರಾಂಗಿಂತಲೂ ಕಡಿಮೆ. ಈ ಪ್ರಮಾಣಗಳು ಒಣ ಧಾನ್ಯಕ್ಕೆ ಸಂಬಂಧಿಸಿದವು. ಬೆಂದ ಮುದ್ದೆಯ ತೂಕದಲ್ಲಿ ಹೆಚ್ಚಿನ ಪಾಲು ನೀರಾಗಿರುವುದರಿಂದ ಅದೇ ತೂಕದ ಮುದ್ದೆಯಲ್ಲಿ ಇವು ಕಡಿಮೆ ಇರುತ್ತವೆ. ರಾಗಿಯ ಸಿಪ್ಪೆಯಲ್ಲಿರುವ ಕೆಲವು ಅಂಶಗಳು ಖನಿಜಗಳ ಹೀರಿಕೆಯನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತವೆ. ಕಾಳು ಮತ್ತು ಸೊಪ್ಪಿನ ಸಾರಿನೊಂದಿಗೆ ಉಣ್ಣುವ ರೂಢಿಯಿಂದ ಮುದ್ದೆಯಲ್ಲಿ ಕಡಿಮೆಯಿರುವ ಪ್ರೋಟೀನ್ ಮತ್ತು ಜೀವಸತ್ವಗಳು ಒದಗುತ್ತವೆ.

ಬೆಲೆ ಮತ್ತು ಬೆಳೆಗಾರರು

ಕೇಂದ್ರ ಸರ್ಕಾರವು ಪ್ರತಿ ವರ್ಷ ರಾಗಿಗೆ ಕನಿಷ್ಠ ಬೆಂಬಲ ಬೆಲೆಯನ್ನು ಪ್ರಕಟಿಸುತ್ತದೆ. 2017–18ರಲ್ಲಿ ಕ್ವಿಂಟಲ್‌ಗೆ 1,900 ರೂಪಾಯಿ ಇದ್ದ ಈ ಬೆಲೆ 2018–19ರಲ್ಲಿ 2,897 ರೂಪಾಯಿಗೆ ಏರಿತು. 2023–24ರಲ್ಲಿ ಅದು 3,846 ರೂಪಾಯಿ ಹಾಗೂ 2024–25ರಲ್ಲಿ 4,290 ರೂಪಾಯಿ ಆಯಿತು. ರಾಜ್ಯ ಸರ್ಕಾರವು ಖರೀದಿ ಕೇಂದ್ರಗಳ ಮೂಲಕ ರೈತರಿಂದ ರಾಗಿ ಕೊಂಡು ಪಡಿತರ ವ್ಯವಸ್ಥೆಗೆ ಬಳಸುತ್ತದೆ. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದ ನಂತರ ನಗರಗಳಲ್ಲಿ ರಾಗಿಯ ಬಿಸ್ಕತ್ತು, ಶಾವಿಗೆ, ದೋಸೆ ಮಿಶ್ರಣ ಮುಂತಾದ ಉತ್ಪನ್ನಗಳ ಪ್ರಚಾರ ಹೆಚ್ಚಿತು. ಮುದ್ದೆಗೆ ಬೇಕಾದುದು ಇಂತಹ ಉತ್ಪನ್ನವಲ್ಲ, ಹೊಸದಾಗಿ ಬೀಸಿದ ಸಾದಾ ಹಿಟ್ಟು. ಅದು ಸಂಸ್ಕರಿತ ಉತ್ಪನ್ನಗಳಿಗಿಂತ ಅಗ್ಗವೂ ಆಗಿದೆ. ಹಳ್ಳಿಯ ಗಿರಣಿ ಮತ್ತು ರಾಗಿ ಹೊಲಗಳು ಉಳಿದಿರುವ ಕಡೆ ಅದು ಸುಲಭವಾಗಿ ದೊರೆಯುತ್ತದೆ.

ಹೊರನಾಡಿನಲ್ಲಿ

ಮುಂಬಯಿ, ದೆಹಲಿ ಮುಂತಾದ ನಗರಗಳಲ್ಲಿ ಮತ್ತು ವಿದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ರಾಗಿ ಹಿಟ್ಟಿಗೆ ದಕ್ಷಿಣ ಭಾರತದ ದಿನಸಿ ಅಂಗಡಿಗಳನ್ನು ಅವಲಂಬಿಸುತ್ತಾರೆ. ಮಹಾರಾಷ್ಟ್ರದಲ್ಲಿ ರಾಗಿಯನ್ನು ‘ನಾಚಣಿ’ ಎಂದೂ ಉತ್ತರಾಖಂಡದಲ್ಲಿ ‘ಮಂಡುವಾ’ ಎಂದೂ ಕರೆಯುವುದರಿಂದ ಅಲ್ಲಿನ ಅಂಗಡಿಗಳಲ್ಲಿ ಆ ಹೆಸರುಗಳಿಂದ ಕೇಳಿದರೆ ಹಿಟ್ಟು ದೊರೆಯುತ್ತದೆ. ಪೂರ್ವ ಆಫ್ರಿಕದ ದಿನಸಿ ಮಾರುವ ಅಂಗಡಿಗಳಲ್ಲಿ ‘ವಿಂಬಿ’ ಎಂಬ ಹೆಸರಿನಲ್ಲಿ ಸಿಗುವುದೂ ರಾಗಿಯೇ. ಹಡಗಿನಲ್ಲಿ ಸಾಗಿ ಬರುವ ಹಿಟ್ಟು ಹಳೆಯದಾಗಿರುವ ಸಾಧ್ಯತೆ ಇರುವುದರಿಂದ ಇಡೀ ಕಾಳನ್ನು ಕೊಂಡು ಮನೆಯ ಸಣ್ಣ ಬೀಸುವ ಯಂತ್ರದಲ್ಲಿ ಹಿಟ್ಟು ಮಾಡಿಕೊಳ್ಳುವುದು ಒಂದು ಪರಿಹಾರ. ಕೊಂಡ ಹಿಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ ಅಥವಾ ಫ್ರೀಜರ್‌ನಲ್ಲಿ ಇಟ್ಟರೆ ಕಮಟುವುದು ನಿಧಾನವಾಗುತ್ತದೆ. ಬೆಂದ ಮುದ್ದೆಯನ್ನು ಗಟ್ಟಿಯಾಗಿಸುವ ಶೀತವು ಒಣ ಹಿಟ್ಟನ್ನು ಕೆಡಿಸದೆ ಕಾಪಾಡುತ್ತದೆ.